ಕವರ್ ಬಿಚ್ಚದ ಮೌಲಾ ಮಾಮಾ

ಮೌಲಾ ಮಾಮಾರ ಎಡಗೈಯಲ್ಲಿ ಯಾವಾಗಲೂ ಒಂದು ಗಡಿಯಾರ ಇರುತ್ತಿತ್ತು. ಆದರೂ ಅವರು ಟೈಮು ಕೇಳುತ್ತಿದ್ದದ್ದು ಬೇರೆಯವರನ್ನು. ಗಡಿಯಾರ ಕೆಟ್ಟಿರಲಿಲ್ಲ. ಕೊಂಡ ದಿನ ಅದರ ಗಾಜಿನ ಮೇಲೆ ಅಂಟಿಕೊಂಡು ಬಂದಿದ್ದ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಮಾಮಾ ಕಿತ್ತಿರಲೇ ಇಲ್ಲ. ಬೆವರು, ಧೂಳು ಸೇರಿ ಅದು ಬೆಳ್ಳಗೆ ಗುಳ್ಳೆ ಎದ್ದು, ಒಳಗೆ ಮುಳ್ಳುಗಳು ಓಡುತ್ತಿವೆಯೋ ನಿಂತಿವೆಯೋ ಆ ದೇವರಿಗೇ ಗೊತ್ತು ಎನ್ನುವಂತಾಗಿತ್ತು. "ಟೀಚರಮ್ಮಾ, ಟೈಮ್ ಎಷ್ಟಾತ್ರಿ?" ಎಂದು ಅವರು ಕೇಳಿದಾಗಲೆಲ್ಲ ನಾನು ಅವರ ಮಣಿಕಟ್ಟು ಹಿಡಿದು ಆ ಹಾಳೆಯ ಅಂಚಿಗೆ ಉಗುರು ಹಾಕಲು ನೋಡುತ್ತಿದ್ದೆ. ಅವರು ಸುಟ್ಟುಕೊಂಡವರ ಹಾಗೆ ಕೈ ಎಳೆದುಕೊಳ್ಳುತ್ತಿದ್ದರು.

"ಇರ್ಲಿ ಬಿಡ್ರಿ. ಹೊಸದು ಹೊಸದಾಗೇ ಇರ್ಲಿ."

ನನಗೆ ಮೊದಲೇ ಸಿಟ್ಟು ಮೂಗಿನ ಮೇಲೆ. ಈ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಆಗ ನಾವು ಅದನ್ನು ತಮಾಷೆ ಮಾಡಿ ನಕ್ಕು ಬಿಡುತ್ತಿದ್ದೆವು. ಅದೇ ಪ್ಲಾಸ್ಟಿಕ್ಕು ಒಂದು ದಿನ ನಮ್ಮವ್ವನ ಉಸಿರಿಗೇ ಅಡ್ಡ ಬಂದು ಕೂರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಮಾಮಾ ನಮಗೆ ರಕ್ತಸಂಬಂಧಿಯಲ್ಲ. ಶಹಾಪುರದಲ್ಲಿ ನಮ್ಮವ್ವನದು ಖಾರ ಕುಟ್ಟುವ ಗಿರಣಿ. ಕೊಂಕಲ್ಲಿನ ಕಡೆಯಿಂದ ಒಣಮೆಣಸಿನಕಾಯಿ ಚೀಲ ತರುವುದು, ಕುಟ್ಟಿದ ಖಾರಪುಡಿಯನ್ನು ಸುರಪುರಕ್ಕೂ ಯಾದಗಿರಿಗೂ ಮುಟ್ಟಿಸುವುದು ಮಾಮಾರ ಪಿಕಪ್ ಗಾಡಿಯ ಕೆಲಸ. ಊರು ಶಿರವಾಳ. ಮನೆ ತುಂಬ ಅಣ್ಣಂದಿರು, ಇವರೇ ಕಿರಿಯರು. ಅಂಗಿ, ಚಪ್ಪಲಿ, ಪಾಟಿಚೀಲ ಎಲ್ಲವೂ ಅಣ್ಣಂದಿರೆಲ್ಲ ಬಳಸಿ ಸವೆಸಿದ ಮೇಲೆಯೇ ಇವರ ಪಾಲಿಗೆ. ದೊಡ್ಡವರಾದ ಮೇಲೂ ಬಹಳ ಕಾಲ ಬೇರೆಯವರ ಗಾಡಿಯನ್ನೇ ಹೊಡೆದರು. ಕೊನೆಗೊಮ್ಮೆ ಸ್ವಂತದ ಹೊಸ ಗಾಡಿ ತಂದಾಗ ಮನೆಗೂ ಹೋಗದೆ ಸೀದಾ ಗಿರಣಿಯ ಮುಂದೆ ನಿಲ್ಲಿಸಿ, ಕೆಳಗಿಳಿದು, ಬಾಗಿಲನ್ನು ಎರಡೂ ಕೈಯಿಂದ ಮೆಲ್ಲಗೆ ಮುಚ್ಚಿದರು. ತೊಟ್ಟಿಲಲ್ಲಿ ಕೂಸು ಮಲಗಿಸಿ ಹಿಂದೆ ಸರಿಯುವವರ ಹಾಗೆ ಸರಿದದ್ದು ನನಗೆ ಇನ್ನೂ ನೆನಪಿದೆ.

ಆ ಗಾಡಿಯ ಸೀಟಿನ ಮೇಲೆ ಕಂಪನಿಯ ಪ್ಲಾಸ್ಟಿಕ್ಕು ಹಾಗೇ ಉಳಿಯಿತು. ಬಾಗಿಲ ಒಳಮೈಗೆ, ಬಿಸಿಲು ತಡೆಯುವ ಹಲಗೆಗೆ, ಗೇರಿನ ಗುಂಡಿಗೆ, ಎಲ್ಲಕ್ಕೂ. ನಮ್ಮ ಕಡೆಯ ಬೇಸಿಗೆಯಲ್ಲಿ ಅದರ ಮೇಲೆ ಕೂತವರ ಗತಿ ಕೇಳಬೇಡಿ. ಅವ್ವ ಒಮ್ಮೆಯೂ ಬೈಯದೆ ಹತ್ತಿದವಳಲ್ಲ.

"ಮೌಲಾ, ಇದೇನು ಗಾಡಿಯೋ, ಬಿಸ್ಕೀಟ್ ಪುಡಿಕಿಯೋ? ಕುಂತ್ರ ತೊಡಿ ಸುಡ್ತದ, ಎದ್ರ ಸೀರಿ ಹಿಡ್ಕೊಂಡು ಬರ್ತದ."

"ಅಕ್ಕಾ, ನಿಮ್ಮ ಸೀರಿ ಹರಿದ್ರ ಹೊಸಾದು ತಂದ್ಕೊಡ್ತೀನಿ. ನನ್ನ ಸೀಟು ಹರಿದ್ರ ಯಾರು ಕೊಡ್ತಾರ?"

ಹೀಗೆ ಇಬ್ಬರಿಗೂ ದಿನಾ ಜಗಳ. ಜಗಳವಿಲ್ಲದ ದಿನ ಇಬ್ಬರಲ್ಲಿ ಒಬ್ಬರಿಗೆ ಹುಷಾರಿಲ್ಲ ಎಂದೇ ಅರ್ಥ. ಹುಷಾರಿಲ್ಲದವಳು ಬಹುಮಟ್ಟಿಗೆ ಅವ್ವನೇ ಆಗಿರುತ್ತಿದ್ದಳು. ಖಾರದ ಘಾಟು ಕುಡಿದು ಕುಡಿದು ಅವಳಿಗೆ ದಮ್ಮು ಹತ್ತಿತ್ತು. ಸೊಂಟದ ಚೀಲದಲ್ಲಿ ಎಲೆಯಡಿಕೆಯ ಜೊತೆ ಉಸಿರಿನ ಪಂಪೂ ಇರುತ್ತಿತ್ತು. ಯಾದಗಿರಿಯ ಡಾಕ್ಟರು ಗಿರಣಿ ಬಿಡಿ ಎಂದರೆ, "ಗಿರಣಿ ಬಿಟ್ಟು ಮನ್ಯಾಗ ನೊಣ ಹೊಡೀಲೇನ್ರಿ?" ಎಂದು ಅವರನ್ನೇ ಕೇಳಿ ಬಂದವಳು. ಸೋತ ಡಾಕ್ಟರು, ಹೋಗಲಿ, ಧೂಳಿನ ದಾರಿಯಲ್ಲಿ ಗಾಡಿಯ ಗಾಜಾದರೂ ಏರಿಸಿಕೊಂಡು ಎಸಿ ಹಾಕಿಕೊಂಡು ಓಡಾಡಿ ಎಂದಿದ್ದರು. ತಪಾಸಣೆಗೆ ಹೋಗುವುದು ಮಾಮಾರ ಗಾಡಿಯಲ್ಲೇ. ಎಸಿ ಇದೆಯೆಂಬುದು ಮಾಮಾರಿಗೆ ದೊಡ್ಡ ಹೆಮ್ಮೆ. ಡಾಕ್ಟರೇ ತಮ್ಮ ಗಾಡಿಗೆ ಸರ್ಟಿಫಿಕೇಟು ಕೊಟ್ಟರು ಎಂಬಂತೆ ಊರೆಲ್ಲ ಹೇಳಿಕೊಂಡು ಬಂದರು.

ಆದರೆ ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಎಸಿ ಹಾಕಿದರೆ ಸಾಕು, ಒಳಗಿದ್ದವರೆಲ್ಲ ಸೀನತೊಡಗಿದರು. ಗಾಡಿ ರಿಪೇರಿಯ ಮಿಸ್ತ್ರಿಯ ಹತ್ತಿರ ಒಯ್ದಾಗ ನಾನೂ ಇದ್ದೆ. ಅವನು ಸೀಟಿನ ಮುಂದಿನ ಡಬ್ಬಿಯ ಎರಡೂ ಬದಿ ಒತ್ತಿ ಕೆಳಗೆ ಬೀಳಿಸಿ, ಅದರ ಹಿಂದಿನ ಕಿಂಡಿಯಿಂದ ಕಾಗದದ ಮಡಿಕೆ ಮಡಿಕೆಯ ಒಂದು ಹಲಗೆಯನ್ನು ಎಳೆದ. ಅದು ಒಳಗೆ ಬರುವ ಗಾಳಿಯ ಫಿಲ್ಟರ್. ಬಿಳಿ ಇರಬೇಕಾದದ್ದು ಇಟ್ಟಿಗೆಯ ಬಣ್ಣವಾಗಿತ್ತು. ನಡುನಡುವೆ ಹತ್ತಿಯ ಜುಂಜು. ನೆಲಕ್ಕೆ ಒಮ್ಮೆ ಬಡಿದದ್ದೇ ತಡ, ಆ ಸಾಲಿನ ಅಂಗಡಿಯವರೆಲ್ಲ ಮೂಗಿಗೆ ಬಟ್ಟೆ ಹಿಡಿದರು.

"ಮಾಮಾ, ಇದ್ರಾಗ ಒಂದು ಹೊತ್ತಿನ ಸಾರಿಗಿ ಆಗೋವಷ್ಟು ಖಾರ ಅದ. ಹೊಸಾದು ಹಾಕ್ಸು," ಎಂದ ಮಿಸ್ತ್ರಿ.

ಮಾಮಾ ಹೊಸ ಫಿಲ್ಟರನ್ನು ಅಲ್ಲೇ ಕೊಂಡರು. ಆದರೆ ಹಾಕಿಸಲಿಲ್ಲ. ಹಳೆಯದನ್ನೇ ಇನ್ನೆರಡು ಸಲ ಬಡಿಸಿ ವಾಪಸ್ಸು ಕೂರಿಸಿಕೊಂಡು ಬಂದರು. ನಾನು ರೇಗಿದೆ. ಅವರು ತಣ್ಣಗೆ ಹೇಳಿದರು: "ಖಂಡೇಪೂಜಿ ಹತ್ರ ಬಂತಲ್ರಿ. ಅಕ್ಕಾನ ಕೈಲಿ ಕುಂಕುಮ ಬೀಳದ ಹೊಸ ಸಾಮಾನು ಗಾಡ್ಯಾಗ ಹಾಕಂಗಿಲ್ಲ ನಾ."

ಅದು ನಮ್ಮ ಗಿರಣಿಯ ಪದ್ಧತಿ. ಮಹಾನವಮಿಯ ದಿನ ಅವ್ವ ಕುಟ್ಟುವ ಯಂತ್ರ, ತಕ್ಕಡಿ, ಸಲಿಕೆ, ಹೊಸದಾಗಿ ತಂದ ಬೆಲ್ಟು, ಕೊನೆಗೆ ಹೊರಗೆ ನಿಂತ ಮಾಮಾರ ಪಿಕಪ್ಪು, ಎಲ್ಲಕ್ಕೂ ಪೂಜೆ ಮಾಡುತ್ತಿದ್ದಳು. ಮಾಮಾ ಟೋಪಿಯನ್ನು ಜೇಬಿನಲ್ಲಿಟ್ಟುಕೊಂಡು ಒಂದು ಬದಿಗೆ ನಿಂತು, ಪೂಜೆ ಮುಗಿದ ಮೇಲೆ ಕರಿಗಡಬನ್ನು ಎಲ್ಲರಿಗಿಂತ ಹೆಚ್ಚು ತಿನ್ನುತ್ತಿದ್ದರು. ಆ ವರ್ಷ ತಕ್ಕಡಿಯ ಪಕ್ಕ ಹೊಸ ಫಿಲ್ಟರೂ ಕೂತಿತು. ಅವ್ವ ಅದರ ಮೇಲೂ ವಿಭೂತಿ ಎಳೆದು, ಕುಂಕುಮವಿಟ್ಟು, ಒಂದು ಚೆಂಡುಹೂ ಏರಿಸಿದಳು. ಮಾಮಾ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದರು. "ಮಿಸ್ತ್ರಿ ಮಾಡೋದು ನೋಡೀನಲ್ಲ, ನಾನಽ ಹಾಕ್ತೀನಿ," ಎಂದರು. ಹಾಕಿಯೂ ಹಾಕಿದರು.

ಅಂದಿನಿಂದ ಸೀನು ನಿಂತಿತು. ಗಾಳಿಯೂ ನಿಂತಿತು. ಎಸಿ ಹಾಕಿದರೆ ಗುಂಯ್ ಎಂಬ ಸದ್ದು ಮಾತ್ರ ಬರುತ್ತಿತ್ತು. ಯಾಕೆಂದು ಕೇಳಿದರೆ, "ಹೊಸದದ ಅಲ್ರಿ, ಇನ್ನಾ ಪಳಗಬೇಕು," ಎನ್ನುತ್ತಿದ್ದರು. ಚಳಿಯ ದಿನಗಳು ಬಂದವು. ಗಾಜು ಇಳಿಸಿಕೊಂಡೇ ಓಡಾಡುತ್ತಿದ್ದೆವು. ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಭತ್ತದ ಕೊಯ್ಲು ಮುಗಿದ ಕಾಲ. ಮಧ್ಯಾಹ್ನ ನಾನು ಶಾಲೆಯಿಂದ ಊಟಕ್ಕೆ ಬಂದಾಗ ಅವ್ವ ಗಿರಣಿಯ ಕಟ್ಟೆಯ ಮೇಲೆ ಎರಡೂ ಕೈಯೂರಿ ಮುಂದಕ್ಕೆ ಬಾಗಿ ಕೂತಿದ್ದಳು. ಹೆಗಲು ಮೇಲೆ ಕೆಳಗೆ ಆಗುತ್ತಿತ್ತು. ಪಂಪು ಕೆಳಗೆ ಬಿದ್ದಿತ್ತು. ಎತ್ತಿ ಬಾಯಿಗೆ ಹಿಡಿದೆ. ಒಂದು ಸಲ, ಮತ್ತೊಂದು ಸಲ. ಏನೂ ಉಪಯೋಗವಾಗಲಿಲ್ಲ. ಪಕ್ಕದ ಡಾಕ್ಟರು ಓಡಿ ಬಂದು ಸೂಜಿ ಹಾಕಿದರು. ಅವ್ವನ ನೀಲಿಗಟ್ಟಿದ ಉಗುರು ನೋಡಿದವರೇ, ಇಲ್ಲಿ ಇಟ್ಟುಕೊಳ್ಳಬೇಡಿ, ಯಾದಗಿರಿಗೆ ಒಯ್ಯಿರಿ, ಈಗಲೇ ಎಂದರು. ಆಂಬುಲೆನ್ಸು ಸುರಪುರದ ಕಡೆ ಹೋಗಿತ್ತು. ಮಾಮಾ ಆಗಷ್ಟೇ ಚೀಲ ಇಳಿಸಿ ಮುಗಿಸಿದ್ದರು. ಅವ್ವನನ್ನು ಎತ್ತಿ ತಂದು ಗಾಡಿಯಲ್ಲಿ ಕೂರಿಸಿದರು. ನಡುವೆ ಅವ್ವ, ಕಿಟಕಿಯ ಪಕ್ಕ ನಾನು.

ದೋರನಹಳ್ಳಿ ದಾಟುವವರೆಗೆ ಹೇಗೋ ನಡೆಯಿತು. ಗಾಜು ಅರ್ಧ ಇಳಿದಿತ್ತು. ಅವ್ವ ಮುಖವನ್ನು ಗಾಳಿಗೆ ಕೊಟ್ಟು ಒಂದೊಂದೇ ಉಸಿರನ್ನು ಎಳೆದು ತರುತ್ತಿದ್ದಳು. ಮುಂದೆ ರಸ್ತೆಯ ಎರಡೂ ಬದಿ ಗದ್ದೆಯ ಕೂಳೆಗೆ ಬೆಂಕಿ ಇಟ್ಟಿದ್ದರು. ಗಾಳಿ ತಿರುಗಿತೋ ಏನೋ, ಹೊಗೆಯೆಲ್ಲ ರಸ್ತೆಗೆ ಬಂದು ಬಿದ್ದಿತ್ತು. ಬೆಳ್ಳಗೆ, ದಟ್ಟಗೆ. ಮುಂದಿನ ಬಸ್ಸಿನ ಕೆಂಪು ದೀಪ ಒಮ್ಮೆ ಕಂಡು ಮಾಯವಾಯಿತು. ಬಸ್ಸು ನಿಂತಿತು. ನಾವೂ ನಿಂತೆವು. ಹಿಂದೆ ಲಾರಿಯೊಂದು ಬಂದು ಹಾರ್ನು ಹೊಡೆಯುತ್ತ ನಿಂತಿತು. ಹಿಂದಕ್ಕೂ ದಾರಿ ಇಲ್ಲ, ಮುಂದಕ್ಕೂ ಇಲ್ಲ.

"ಗಾಜು ಏರಸ್ರಿ! ಜಲ್ದಿ!" ಎಂದು ಮಾಮಾ ಎಸಿಯನ್ನು ಪೂರ್ತಿ ತಿರುಗಿಸಿದರು.

ಗುಂಯ್ ಎಂದಿತು. ಗಾಳಿ ಬರಲಿಲ್ಲ.

ಮುಚ್ಚಿದ ಕ್ಯಾಬಿನ್ನಿನಲ್ಲಿ ನಮ್ಮ ಮೂವರ ಉಸಿರು, ಕಾಲಡಿಯಿಂದ ಏಳುತ್ತಿದ್ದ ಖಾರದ ಘಾಟು, ಸೀಟಿನ ಪ್ಲಾಸ್ಟಿಕ್ಕಿನ ಬಿಸಿ. ಅವ್ವ ಗಂಟಲಿನಿಂದ ಶಿಳ್ಳೆಯಂಥ ಸದ್ದು ಮಾಡತೊಡಗಿದಳು. ನಾನು ಗಾಜು ಇಳಿಸಿದೆ. ಹೊಗೆ ನುಗ್ಗಿತು. ಅವ್ವನಿಗೆ ಕೆಮ್ಮಲೂ ತ್ರಾಣವಿರಲಿಲ್ಲ. ಮತ್ತೆ ಏರಿಸಿದೆ. ಅವಳ ಉಗುರುಗಳು ನನ್ನ ತೋಳಿನಲ್ಲಿ ಇಳಿದವು. ಅವಳ ಕಣ್ಣು ನನ್ನನ್ನು ನೋಡುತ್ತಿದ್ದರೂ ನಾನು ಅದರಲ್ಲಿ ಇರಲಿಲ್ಲ. ನನ್ನ ಕಣ್ಣ ಮುಂದೆಯೇ ಅವ್ವ ಹೋಗುತ್ತಾಳೆ ಎಂದುಕೊಂಡೆ.

"ಮಾಮಾ, ಏನರ ಮಾಡ್ರಿ!" ಎಂದು ಕಿರುಚಿದೆ.

ಮಾಮಾ ಗಾಳಿ ಬರುವ ಕಿಂಡಿಗೆ ಅಂಗೈ ಹಿಡಿದು ಕೂತಿದ್ದರು. ಆಮೇಲೆ ಅವರ ಮುಖದ ಬಣ್ಣವೇ ಹೋಯಿತು.

"ಯಾ ಅಲ್ಲಾ, ಕವರ್," ಎಂದರು. "ಕಾಲು ಈ ಕಡಿ ತಗೋರಿ ಟೀಚರಮ್ಮಾ."

ನಮ್ಮಿಬ್ಬರ ಮೊಣಕಾಲ ಮೇಲೆ ಅಡ್ಡಡ್ಡ ಬಾಗಿ ಮುಂದಿನ ಡಬ್ಬಿಯ ಬದಿಗಳನ್ನು ಒತ್ತಿದರು. ಅದು ಬೀಳಲಿಲ್ಲ. ಬೆವರಿಗೆ ಬೆರಳು ಜಾರುತ್ತಿದ್ದವು. ಗುದ್ದಿದರು. ಡಬ್ಬಿ ಕಳಚಿ ಬಿದ್ದು ಒಳಗಿದ್ದ ಕಾಗದಪತ್ರ, ಅತ್ತರಿನ ಶೀಶೆ ಎಲ್ಲ ನನ್ನ ಕಾಲ ಮೇಲೆ ಚೆಲ್ಲಿದವು. ಎಸಿ ಬಂದ್ ಮಾಡಿ, ಕಿಂಡಿಗೆ ಕೈ ಹಾಕಿ ಫಿಲ್ಟರನ್ನು ಎಳೆದರು.

ಅದು ಕಂಪನಿಯಿಂದ ಬಂದ ಪ್ಲಾಸ್ಟಿಕ್ ಕವರಿನೊಳಗೇ ಇತ್ತು. ನಾಲ್ಕೂ ಅಂಚು ಮುಚ್ಚಿದ ಹಾಗೇ. ಕವರಿನ ಮೇಲೆ ಅವ್ವ ಎಳೆದ ವಿಭೂತಿ, ಅವ್ವ ಇಟ್ಟ ಕುಂಕುಮ.

ಮಾಮಾ ಅದನ್ನು ಕೈಯಲ್ಲಿ ಹಿಡಿದು ಕುಂಕುಮವನ್ನೇ ನೋಡುತ್ತಿದ್ದರು. ಅಂಥ ಹೊತ್ತಿನಲ್ಲೂ ಆ ಬೆರಳು ಹಿಂಜರಿದವು. ಅವ್ವ ನೋಡಿದಳು. ಉಸಿರೇ ಇಲ್ಲದವಳು ಅದೆಲ್ಲಿಂದ ತಂದಳೋ, "ಹರಿಯೋ ಮೂಳಾ," ಎಂದಳು.

ಮಾಮಾ ಹಲ್ಲು ಹಾಕಿ ಹರಿದರು. ಕವರಿನ ಚೂರನ್ನು ಉಗಿದು, ಫಿಲ್ಟರನ್ನು ಕಿಂಡಿಗೆ ತುರುಕಿ, ಡಬ್ಬಿಯನ್ನು ಹಾಗೇ ತೂಗಾಡಲು ಬಿಟ್ಟರು. ನಾನು ಎಸಿಯ ಗುಂಡಿಗೆ ಕೈ ಹಾಕಿದೆ. ಅವರು ನನ್ನ ಕೈಗೆ ರಪ್ಪನೆ ಹೊಡೆದರು.

"ನಿಂದ್ರ್ರಿ! ಒಳಗ ಹಳೀ ಖಾರ ಕುಂತದ. ಮೊದ್ಲನೇದು ಅಕ್ಕಾಗ ಹೋಗಬಾರ್ದು."

ಬಾಟಲಿಯ ನೀರನ್ನು ತಮ್ಮ ಟವೆಲಿಗೆ ಸುರಿದು ಅವ್ವನ ಮುಖದ ಮುಂದೆ ಹಿಡಿಯಲು ಕೊಟ್ಟರು. ಉಳಿದ ಕಿಂಡಿಗಳನ್ನೆಲ್ಲ ಮುಚ್ಚಿ, ನಡುವಿನದಕ್ಕೆ ತಮ್ಮ ಮುಖವನ್ನೇ ಅಡ್ಡ ಕೊಟ್ಟು ಗುಂಡಿಯನ್ನು ಪೂರ್ತಿ ತಿರುಗಿಸಿದರು. ಆ ಮೊದಲ ಗಾಳಿಯನ್ನು ಪೂರ್ತಿ ತಾವೇ ತಿಂದರು. ಕೆಮ್ಮಿ ಕೆಮ್ಮಿ ತಲೆ ಕಿಂಡಿಗೆ ಬಡಿಯುತ್ತಿತ್ತು, ಆದರೂ ಸರಿಯಲಿಲ್ಲ. ಕಣ್ಣೀರು, ಸಿಂಬಳ ಎಲ್ಲ ಗಡ್ಡದ ಮೇಲೆ ಇಳಿಯುತ್ತಿತ್ತು. ತುಟಿಯ ಮೇಲೆ ಅವ್ವನ ಕುಂಕುಮ ಅಂಟಿತ್ತು. ಕೆಮ್ಮು ಸ್ವಲ್ಪ ಇಳಿದ ಮೇಲೆ ಒಮ್ಮೆ ಆಳವಾಗಿ ಎಳೆದು ನೋಡಿ, "ಈಗ ಬರೊಬ್ಬರಿ ಅದ, ತಗೋರಿ ಅಕ್ಕಾ," ಎಂದು ಹಿಂದೆ ಸರಿದರು.

ತಂಪು ಗಾಳಿ ಅವ್ವನ ಮುಖಕ್ಕೆ ಬಂತು. ಟವೆಲಿನ ಹಿಂದೆ ಅವಳು ಒಂದು ಉಸಿರು ಎಳೆದಳು. ನಾನು ಮುಂದಿನದಕ್ಕೆ ಕಾದೆ. ಅದೂ ಬಂತು. ಶಿಳ್ಳೆ ನಿಲ್ಲಲಿಲ್ಲ, ಆದರೆ ಸಣ್ಣದಾಯಿತು. ಬಸ್ಸಿನ ಕೆಂಪು ದೀಪ ಅಲುಗಾಡಿ ಮುಂದಕ್ಕೆ ಹೋಯಿತು. ಮಾಮಾ ಉರಿಯುವ ಕಣ್ಣನ್ನು ತೋಳಿಗೆ ಒರೆಸಿಕೊಳ್ಳುತ್ತಲೇ ಗಾಡಿ ಹೊಡೆದರು. "ಎಡಕ್ಕ ಅದೇನ್ರಿ? ಮುಂದ ಏನರ ಬರಾಕತ್ತದೇನ್ರಿ?" ಎಂದು ದಾರಿಯುದ್ದಕ್ಕೂ ನನ್ನನ್ನು ಕೇಳುತ್ತಿದ್ದರು. ಭೀಮಾ ನದಿಯ ಸೇತುವೆ ಹತ್ತಿದಾಗ ನಾನು ಅಳುತ್ತಿದ್ದೆ.

ಆಸ್ಪತ್ರೆಯಲ್ಲಿ ಅವ್ವನಿಗೆ ಆಮ್ಲಜನಕ ಹಚ್ಚಿದರು. ಸಂಜೆಯ ಹೊತ್ತಿಗೆ ಅವಳು ನೀರು ಕೇಳಿದಳು. ಮಾಮಾ ಮಾತ್ರ ಒಳಗೆ ಬರಲೇ ಇಲ್ಲ. ಹೊರಗೆ ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದರು. ನಾನೇ ಕೈ ಹಿಡಿದು ಎಳೆದುಕೊಂಡು ಬಂದೆ. ಮಂಚದ ಕಾಲ ಬಳಿ ನಿಂತು ಅವರು ತಲೆ ಎತ್ತಲಿಲ್ಲ.

"ತಪ್ಪಾತು ಅಕ್ಕಾ. ಪೂಜಿ ಆಗಿದ್ದು ಕವರಿನ ಮ್ಯಾಲ ಇತ್ತು. ಹರಿದು ತಿಪ್ಪಿಗಿ ಹೆಂಗ ಒಗೀಲಿ ಅನಿಸ್ತು. ಹಂಗಽ ಕೂಡಿಸ್ದೆ. ಹೊಸದೂ ಇರ್ತದ, ಕುಂಕುಮಾನೂ ಇರ್ತದ ಅಂದ್ಕೊಂಡೆ."

ಅವ್ವ ಮುಖದ ಮೇಲಿನ ಮಾಸ್ಕನ್ನು ಸರಿಸಿದಳು. ದಾದಿ ಬೇಡವೆಂದರೂ ಕೇಳಲಿಲ್ಲ. "ಕವರಿನ ಮ್ಯಾಲ ಕುಂಕುಮ ಹಚ್ಚಿದಾಕಿ ನಾನಽ ಅಲ್ಲೇನೋ? ಕಣ್ಣು ನನಗೂ ಇದ್ವು. ಹೋಗು, ಮೊದ್ಲು ಮುಖ ತೊಳಕೋ. ಮಂಗ್ಯಾನಂಗ ಕಾಣಾಕತ್ತಿ."

ಅವ್ವ ಮನೆಗೆ ಬಂದ ದಿನ ಮಾಮಾ ಗಿರಣಿಯ ಮುಂದೆ ಗಾಡಿ ನಿಲ್ಲಿಸಿ ಸೀಟಿನ ಪ್ಲಾಸ್ಟಿಕ್ಕನ್ನು ಎರಡೂ ಕೈಯಿಂದ ಸುಲಿದರು. ಬಾಗಿಲಿನದು, ಹಲಗೆಯದು, ಗೇರಿನ ಗುಂಡಿಯದು, ಒಂದನ್ನೂ ಬಿಡಲಿಲ್ಲ. ಕೊನೆಗೆ ನನ್ನ ಮುಂದೆ ಬಂದು ಎಡಗೈ ಚಾಚಿದರು. ನಾನು ಉಗುರು ಹಾಕಿ ಗಡಿಯಾರದ ಹಾಳೆಯನ್ನು ಕಿತ್ತೆ. ಒಳಗೆ ಮುಳ್ಳುಗಳು ಸರಿಯಾಗೇ ಓಡುತ್ತಿದ್ದವು. ಮಾಮಾ ಅದನ್ನು ಬಹಳ ಹೊತ್ತು ನೋಡಿದರು. ಅಲ್ಲಿಂದ ಮುಂದೆ ಯಾರನ್ನೂ ಟೈಮು ಕೇಳಲಿಲ್ಲ. ಯಾರೂ ಕೇಳದಿದ್ದರೂ ತಾವೇ ಹೇಳುವ ಹೊಸ ಚಟ ಹತ್ತಿತು. "ಟೀಚರಮ್ಮಾ, ಹತ್ತಕ್ಕ ಐದು ಕಮ್ಮಿ ಅದ, ಸಾಲಿ ಗಂಟಿ ಹೊಡೀತದೇನು ನೋಡ್ರಿ." ಮೊದಲಿನ ಚಟವೇ ವಾಸಿಯಿತ್ತು ಎಂದು ನಾನು ಗೊಣಗುತ್ತಿದ್ದೆ.

ಫಿಲ್ಟರಿನ ವಿಷಯದಲ್ಲಂತೂ ಅವರಿಗೆ ಹುಚ್ಚೇ ಹಿಡಿಯಿತು. ಮೆಣಸಿನಕಾಯಿಯ ಸುಗ್ಗಿಯಲ್ಲಿ ಮಿಸ್ತ್ರಿಯೇ ಬೇಡ ಎನ್ನುವಷ್ಟು ಸಲ ಬದಲಿಸಿದರು. ಚಹಾದ ಅಂಗಡಿಯ ಮುಂದೆ ಬೇರೆ ಡ್ರೈವರುಗಳು ಸಿಕ್ಕರೆ ಸಲಾಮಿಗಿಂತ ಮೊದಲು, "ಕವರ್ ತಗದೀಯೇನೋ?" ಎಂದು ಕೇಳುತ್ತಿದ್ದರು. ಅವರು ನಗುತ್ತಿದ್ದರು. ಮಾಮಾ ನಗುತ್ತಿರಲಿಲ್ಲ. ಆ ಗಾಡಿಯ ಡಬ್ಬಿ ಬಿಚ್ಚಿಸಿ ಕಣ್ಣಾರೆ ನೋಡಿದ ಮೇಲೆಯೇ ಚಹಾ. ಹಬ್ಬದ ಹೊಸ ಅಂಗಿಯನ್ನು ದರ್ಜಿ ಕೊಟ್ಟ ದಿನವೇ ತೊಟ್ಟುಕೊಂಡು ಚೀಲ ಹೊತ್ತರು. ಮಾಮಾರ ಹೆಂಡತಿ, ನಮ್ಮ ಅತ್ತೆ, ಬೈದರೆ "ಹೊಸದು ಹೊಸದಾಗಿದ್ದಾಗಽ ಹಾಕ್ಕೋಬೇಕು," ಎಂದರಂತೆ.

ಇಷ್ಟೆಲ್ಲ ಮಾಡಿದವರಿಗೆ ತಮ್ಮ ಎದೆಯ ಕಡೆ ಗಮನವಿರಲಿಲ್ಲ. ಅವರು ಹೊತ್ತ ಖಾರದ ಚೀಲಗಳೇನು ಕಡಿಮೆಯೇ? ವರ್ಷಗಳು ಕಳೆದಂತೆ ಕೆಮ್ಮು ಶುರುವಾಯಿತು. ಗಾಡಿಯನ್ನು ಅಳಿಯನ ಕೈಗೆ ಕೊಟ್ಟರು. ಗಿರಣಿಗೆ ಬಂದರೆ ಬಾಗಿಲ ಹೊರಗೇ ಕೂರುತ್ತಿದ್ದರು. "ನನ್ನ ಎದಿಗೆ ಯಾವ ಫಿಲ್ಟರೂ ಕೂಡವಲ್ದು ಅಕ್ಕಾ," ಎಂದು ನಗಲು ಹೋಗಿ ಕೆಮ್ಮುತ್ತಿದ್ದರು. ಅವ್ವ ಆಗ ಜಗಳ ಮಾಡುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಕೊನೆಯ ಸಲ ನೋಡಿದ್ದು ಯಾದಗಿರಿಯ ಅದೇ ಆಸ್ಪತ್ರೆಯಲ್ಲಿ. ಅವ್ವ, ನಾನು ಬಸ್ಸಿನಲ್ಲಿ ಹೋಗಿದ್ದೆವು. ಮಾಮಾ ಮಂಚದ ಮೇಲೆ, ನಮ್ಮವ್ವ ಅಂದು ಕೂತಿದ್ದ ಹಾಗೆಯೇ ಎರಡೂ ಕೈಯೂರಿ ಮುಂದಕ್ಕೆ ಬಾಗಿ ಕೂತಿದ್ದರು. ದಾದಿ ಹೊಸ ಮಾಸ್ಕಿನ ಪೊಟ್ಟಣ ಹರಿದು ಅವರ ಮುಖಕ್ಕೆ ತಂದಾಗ ತಲೆ ಹಿಂದೆ ಸರಿಸಿದರು.

"ಕವರ್ ತಗದೀಯೇನವ್ವಾ?"

ದಾದಿಗೆ ಅದು ತಮಾಷೆ ಎನಿಸಿತು. "ತಗದೀನಿ ಬಿಡಜ್ಜಾ, ಹಾಕ್ಕೋ," ಎಂದು ನಕ್ಕಳು. ಮಾಮಾ ಬಾಯಿ ಬಿಗಿ ಹಿಡಿದು ಅವ್ವನ ಕಡೆ ನೋಡಿದರು. ಆ ನೋಟದಲ್ಲಿ ತಮಾಷೆ ಇರಲಿಲ್ಲ, ಭಯವಿತ್ತು. ಅವ್ವ ಎದ್ದಳು. ದಾದಿಯ ಕೈಯಿಂದ ಮಾಸ್ಕನ್ನು ತೆಗೆದುಕೊಂಡು ಮೊದಲು ತನ್ನ ಮುಖಕ್ಕೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಆಳವಾಗಿ ಒಂದು ಉಸಿರು ಎಳೆದಳು. ದಾದಿ ಗದರಿಸುತ್ತಲೇ ಇದ್ದಳು.

"ಬರಾಕತ್ತದೋ ಮೌಲಾ. ಬರೊಬ್ಬರಿ ಅದ. ತಗೋ," ಎಂದು ಅವರ ಮುಖಕ್ಕೆ ತಾನೇ ಹಾಕಿ, ಹಿಂದಿನ ದಾರ ಬಿಗಿದಳು.

ಮಾಮಾ ಸುಮ್ಮನೆ ಉಸಿರಾಡಿದರು. ಹೊರಗೆ ಬಿಸಿಲು ಇಳಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರು ಎಡಗೈಯನ್ನು ಕಷ್ಟಪಟ್ಟು ಮೇಲೆತ್ತಿ, ಗಡಿಯಾರವನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಮಾಸ್ಕಿನ ಒಳಗಿನಿಂದ ಮಾತು ಮಬ್ಬಾಗಿ ಬಂತು.

"ನಾಕೂವರಿ ಆತು ಅಕ್ಕಾ. ಶಹಾಪುರ ಬಸ್ಸು ಹೋಗ್ತದ, ಹೊಂಡ್ರಿ."

ಅವ್ವ ಕುರ್ಚಿಯನ್ನು ಮಂಚಕ್ಕೆ ಇನ್ನೂ ಹತ್ತಿರ ಎಳೆದುಕೊಂಡು ಕೂತಳು.